ಎರಡನೆಯ ಶಾಸ್ತ್ರ

ನದಿಯಾಚೆ ಒಂದು ಉನ್ನತ ವಿದ್ಯಾಶ್ರಮವಿತ್ತು. ಪ್ರವೇಶ ಬಯಸಿದವರು ಬಾಗಿಲಲ್ಲಿ ನಿಂತು, ತಮಗೆ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಕೇಳಬೇಕಿತ್ತು. ಅದೂ ಜೀವನದಲ್ಲಿ ಒಮ್ಮೆ ಮಾತ್ರ.

ಒಳಗಿನ ಆಚಾರ್ಯರೂ ನಿರುತ್ತರರಾದರೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತೆಂದು ಪ್ರತೀತಿ. ಒಳಗಿನಿಂದ ಯಾರೋ ತೆರೆಯುತ್ತಿದ್ದರೆಂದು ತಿಳಿಯುವುದು ಮೇಲು.

ಈಚೆ ದಡದಲ್ಲಿ ವೃದ್ಧ ಸುಮೇಧರ ಶಿಷ್ಯ ಶ್ರೀಕರ ಗಣಿತವನ್ನು ಮುಗಿಸಿದ್ದ. ವೈದ್ಯವನ್ನು ಅರ್ಧ ಕಲಿತಿದ್ದ. ಹೊರಡುವ ದಿನ ದೋಣಿ ಬಂದರೂ ಅವನು ಹತ್ತಲಿಲ್ಲ.

"ಗುರುಗಳೇ, ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ. ವೈದ್ಯವೂ ಪೂರ್ಣವಾಗಲಿ. ಎರಡು ಶಾಸ್ತ್ರ ಬಲ್ಲವನನ್ನು ಅವರು ಹಿಂದಕ್ಕೆ ಕಳುಹಿಸಲಾರರು."

"ಚಳಿಗಾಲದಲ್ಲಿ ನಾನು ಒಂದರ ಮೇಲೊಂದು ಎರಡು ಪಂಚೆ ಉಡುತ್ತೇನೆ," ಎಂದರು ಸುಮೇಧರು. "ಅದಕ್ಕಾಗಿ ಯಾರೂ ನನಗೆ ಎರಡು ಸಲ ನಮಸ್ಕರಿಸಿದ್ದಿಲ್ಲ."

ಶ್ರೀಕರ ನಗಲಿಲ್ಲ. "ಹಾಗಾದರೆ ನಾನು ವೈದ್ಯ ಕಲಿತದ್ದು ವ್ಯರ್ಥವೇ?"

ಗುರುಗಳು ಬಲಗೈ ಚಾಚಿದರು. ಶ್ರೀಕರ ನಾಡಿ ಹಿಡಿದ.

"ಹೇಗಿದೆ?"

"ನಡುನಡುವೆ ಒಂದು ಬಡಿತ ತಪ್ಪುತ್ತದೆ. ವೃದ್ಧಾಪ್ಯದಲ್ಲಿ ಹೀಗಾಗುವುದುಂಟೆಂದು ವೈದ್ಯಶಾಸ್ತ್ರ ಹೇಳುತ್ತದೆ."

"ವೈದ್ಯನ ಮಾತು ಮುಗಿಯಿತು. ಗಣಿತಜ್ಞ ಏನು ಹೇಳುತ್ತಾನೆ?"

ಶ್ರೀಕರ ಮತ್ತೆ ನಾಡಿಯನ್ನು ಗಮನಿಸಿದ. ಅವನ ತುಟಿಗಳು ಎಣಿಕೆಯಲ್ಲಿ ಅಲುಗತೊಡಗಿದವು. ದೋಣಿಯವನು ಕೂಗಿ ಕರೆದ; ಶ್ರೀಕರನಿಗೆ ಕೇಳಿಸಲಿಲ್ಲ.

"ತಪ್ಪುವುದರಲ್ಲೂ ಒಂದು ಕ್ರಮವಿರುವಂತೆ ತೋರುತ್ತದೆ," ಎಂದ ಕೊನೆಗೆ. "ಹಿಡಿಯಹೋದರೆ ಜಾರುತ್ತದೆ. ಮುಂದಿನ ಬಡಿತ ಯಾವಾಗ ತಪ್ಪುವುದೆಂದು ಮೊದಲೇ ತಿಳಿಯಬಹುದೇ, ಗುರುಗಳೇ?"

"ವೈದ್ಯರನ್ನು ಕೇಳಿದೆ. ಅವರಿಗೆ ಎಣಿಸಲು ಬರಲಿಲ್ಲ. ಗಣಿತಜ್ಞರನ್ನು ಕೇಳಿದೆ. ಅವರು ನನ್ನ ಕೈ ಮುಟ್ಟಲಿಲ್ಲ."

ಶ್ರೀಕರ ಗುರುಗಳ ಕೈಯನ್ನು ಮೆಲ್ಲನೆ ಅವರ ಮಡಿಲಲ್ಲಿಟ್ಟ. ಎದ್ದು ಪಾದ ಮುಟ್ಟಿ ನಮಸ್ಕರಿಸಿದ. ದೋಣಿಯಲ್ಲಿ ಕುಳಿತ ಮೇಲೆ, ಹಿಂದಕ್ಕೆ ಕಳುಹಿಸಿಬಿಟ್ಟಾರೆಂಬ ಹಳೆಯ ಅಳುಕು ಮತ್ತೆ ತಲೆಯೆತ್ತಿತು.

"ಬಾಗಿಲಲ್ಲಿ ಇದನ್ನೇ ಕೇಳುತ್ತೇನೆ. ಆಚಾರ್ಯರಿಗೆ ಇದರ ಉತ್ತರ ತಿಳಿದಿದ್ದರೆ?"

"ಬಂದು ನನಗೂ ಹೇಳು."

"ತಿಳಿಯದಿದ್ದರೆ?"

ಸುಮೇಧರು ದೋಣಿಯನ್ನು ತಾವೇ ನೀರಿಗೆ ನೂಕಿದರು.

"ಅದನ್ನು ಕಂಡುಹಿಡಿದು ಅವರಿಗೆ ಹೇಳಬೇಕಾದವನೇ ಬಾಗಿಲಿಗೆ ಬಂದಿರುತ್ತಾನೆ."