ಸಿಂಬೆ ಕೂತ ಜಾಗ

ಶಿಷ್ಯ ಮುರಿಗೆಪ್ಪ ಕೇಳಿದ: "ಗುರುಗಳೇ, ನಾಳೆ ನನ್ನ ಮಗನಿಗೆ ಹೆಸರಿಡಬೇಕು. ತಾತನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಆದರೆ ನಮ್ಮಪ್ಪನನ್ನು ನಾನು ಕಂಡವನಲ್ಲ, ನಾನು ಹುಟ್ಟುವ ಮೊದಲೇ ತೀರಿಕೊಂಡರು. ಊರಲ್ಲಿ ಕೆಲವರು ಅವರನ್ನು ದೇವರೆನ್ನುತ್ತಾರೆ, ಕೆಲವರು ಕಟುಕನೆನ್ನುತ್ತಾರೆ. ಅವರು ಎಂಥವರೆಂದು ನಾನು ಹೇಗೆ ತಿಳಿಯಲಿ?"

ಗುರುಗಳು ಹೇಳಿದರು:

ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗನಿದ್ದ. ಅವನ ದೋಣಿ ನಡುಹೊಳೆಯಲ್ಲಿ ತಳ ಒಡೆದು, ತಮ್ಮ ಮುಳುಗಿ ಸತ್ತಿದ್ದ. ಹೊಸ ದೋಣಿಗೆ ಒಂದೇ ಒಂದು ದಿಮ್ಮಿ ಸಿಕ್ಕಿತು. ಬಡಗಿ ಅದನ್ನು ತಟ್ಟಿ ನೋಡಿ, ಒಳಗೆಲ್ಲೋ ಟೊಳ್ಳಿದೆ ಎಂದ. ಟೊಳ್ಳಿರುವ ಮಗ್ಗುಲನ್ನು ಮೇಲೆ ಮಾಡಿಕೊಂಡರೆ, ದೋಣಿಯ ಹೊಟ್ಟೆ ಕೊರೆಯುವಾಗ ಅದು ಹೇಗೂ ಹೋಗುತ್ತದೆ. ತಳದಲ್ಲಿ ಉಳಿದರೆ ಇನ್ನೊಂದು ಹೆಣ ಬೀಳುತ್ತದೆ. ಮರವನ್ನು ಸೀಳಿ ನೋಡುವಂತೆಯೂ ಇಲ್ಲ.

ಬಡಗಿ ದಿಮ್ಮಿಯನ್ನು ಎರಡು ಕಲ್ಲಿನ ಮೇಲೆ ಏರಿಸಿದ. ಅವನು ಒಂದು ಕಡೆ ಕೊಡತಿಯಿಂದ ಹೊಡೆಯುವುದು, ಅವನ ಹೆಂಡತಿ ಎದುರು ಕಡೆ ಜಾಗ ಬದಲಿಸುತ್ತ ಮರಕ್ಕೆ ಕಿವಿಯಿಟ್ಟು ಕೇಳುವುದು. ದನಿ ಮಂಕಾಗಿ ಬಂದರೆ ಅದು ಟೊಳ್ಳನ್ನು ಹಾದು ಬಂದಿದೆ ಎಂದರ್ಥ. ದಿಮ್ಮಿಯ ದಪ್ಪಕ್ಕೆ ಸರಿಯಾಗಿ ಮರಳಿನಲ್ಲಿ ಒಂದು ವೃತ್ತ ಬರೆದರು. ಸುತ್ತಲೂ ನಲವತ್ತು ಪೆಟ್ಟು, ಪ್ರತಿ ಪೆಟ್ಟಿಗೂ ವೃತ್ತದೊಳಗೆ ಹೊಡೆದ ಕಡೆಯಿಂದ ಕೇಳಿದ ಕಡೆಗೆ ಒಂದು ಗೆರೆ. ಮಂಕಾದ ಗೆರೆಗೆ ಇದ್ದಿಲ ಪುಡಿ ಉದುರಿಸಿದರು.

ಪಕ್ಕದಲ್ಲೇ ಅಗಸರು ಬಟ್ಟೆ ಒಗೆಯುತ್ತಿದ್ದರು. ಆ ಸದ್ದೂ ಕಿವಿಯಲ್ಲಿ ಸೇರಿಕೊಂಡು ಕೆಲವು ಗೆರೆಗಳು ತಪ್ಪುತ್ತಿದ್ದವು. ಬಡಗಿ ಮಹಾ ಪ್ರಾಮಾಣಿಕ, ಅದೇ ಅವನ ತೊಂದರೆ. ಒಂದು ಗೆರೆಗೂ ಅನ್ಯಾಯವಾಗಬಾರದೆಂದು ಎಲ್ಲವನ್ನೂ ಹೊಂದಿಸಿ ಟೊಳ್ಳಿನ ಆಕಾರ ಬರೆದ. ಅದಕ್ಕೆ ಕೋಡು ಬಂತು, ಬಾಲ ಬಂತು, ಮೂರು ಕಾಲೂ ಬಂತು.

ಹೆಂಡತಿ ನೋಡಿ ನಕ್ಕಳು. "ಏನ್ರೀ ಇದು, ಮರದೊಳಗೆ ಆಡು ಕಟ್ಟಿದ್ದಾರಾ? ಟೊಳ್ಳು ಅಂದ್ರೆ ದುಂಡಗಿರುತ್ತೆ."

ತಲೆಯ ಮೇಲೆ ಕೊಡ ಹೊರುವ ಬಟ್ಟೆಯ ಸಿಂಬೆಯನ್ನು ತೆಗೆದು ಮರಳಿನ ಮೇಲಿಟ್ಟಳು. ಅತ್ತಿತ್ತ ಸರಿಸಿದಳು, ಬಿಗಿ ಮಾಡಿದಳು, ಸಡಿಲ ಮಾಡಿದಳು. ಒಂದು ಜಾಗದಲ್ಲಿ ಮೂವತ್ತೊಂದು ಗೆರೆಗಳು ಅದಕ್ಕೆ ಒಪ್ಪಿದವು: ಮಂಕಾದವು ಅದನ್ನು ಹಾದುಹೋದವು, ಮಂಕಾಗದವು ಅದನ್ನು ಮುಟ್ಟಲಿಲ್ಲ.

"ಉಳಿದ ಒಂಬತ್ತು?" ಎಂದ ಅಂಬಿಗ.

"ಅವು ಸುಳ್ಳು ಹೇಳ್ತಿವೆ ಅಣ್ಣಾ. ಆದ್ರೆ ಒಂದೊಂದು ಒಂದೊಂದು ಸುಳ್ಳು. ಈ ಮೂವತ್ತೊಂದು ಹೇಳೋದು ಒಂದೇ ಮಾತು."

ಬಡಗಿ ಆ ಮಗ್ಗುಲನ್ನು ಮೇಲೆ ತಿರುಗಿಸಿ ಬಾಚಿಯಿಂದ ಕೆತ್ತತೊಡಗಿದ. ಒಂದು ಗೇಣು ಇಳಿಯುವಷ್ಟರಲ್ಲಿ ಟೊಳ್ಳು ತೆರೆದುಕೊಂಡಿತು. ದುಂಡಗಿತ್ತು. ಸಿಂಬೆ ತೋರಿಸಿದ ಜಾಗಕ್ಕೆ ಎರಡೇ ಬೆರಳು ಆಚೆಯಿತ್ತು. ಅಗಸರೂ ಒಗೆಯುವುದನ್ನು ಬಿಟ್ಟು ಬಂದು ನಿಂತರು. ಆ ಮರ ಹುಟ್ಟಿದಂದಿನಿಂದ ಯಾರ ಕಣ್ಣೂ ಬೀಳದ ಜಾಗ ಅದು, ಬೆಳಕೇ ಕಾಣದ ಜಾಗ. ಅದನ್ನು ಒಂದು ಹಳೆ ಬಟ್ಟೆಯ ಸುರುಳಿ ಹುಡುಕಿ ಕೊಟ್ಟಿತ್ತು. ಅಂಬಿಗ ಆ ಸಿಂಬೆಗೆ ಕೈಮುಗಿದ. ಬಡಗಿಗೆ ಮೈ ಜುಮ್ಮೆಂದಿತು. ಈಗ ಹೇಳುವಾಗ ನನಗೂ ಜುಮ್ಮೆನ್ನುತ್ತಿದೆ.

ಮುರಿಗೆಪ್ಪ ಕೇಳಿದ:

"ಟೊಳ್ಳು ದುಂಡಗಿರುತ್ತದೆಂದು ಆಕೆಗೆ ಮೊದಲೇ ಗೊತ್ತಿತ್ತು ಗುರುಗಳೇ. ಇಷ್ಟು ಜನರ ಮಾತಿನ ನಡುವೆ ನಮ್ಮಪ್ಪನನ್ನು ಹುಡುಕಲು ನಾನು ಏನನ್ನು ಇಟ್ಟು ನೋಡಲಿ?"

"ನೀನು ಅವರ ಮಗನಲ್ಲವೇ? ನಿನ್ನನ್ನೇ ಇಟ್ಟು ನೋಡು," ಎಂದರು ಗುರುಗಳು.