ಏಳು ಸಾವುಕಾರರು ಊರು ಬಿಟ್ಟದ್ದು

ಯಾವ ಕಾಲವೋ, ಯಾವ ಸೀಮೆಯೋ, ಬಿಳಿಗಲ್ಲು ಅಂತ ಒಂದು ಪಟ್ಟಣ ಇತ್ತಂತೆ. ಪಟ್ಟಣದ ನೆತ್ತಿಯ ಮೇಲೆ ಒಂದು ದೊಡ್ಡ ಕೆರೆ. ಕೆರೆ ಕೆಳಗೆ ಏಳುನೂರು ಮನೆ. ಅದರಲ್ಲಿ ಏಳೇ ಏಳು ಉಪ್ಪರಿಗೆ ಮನೆ, ಸಾವುಕಾರರವು.

ಅಲ್ಲಿಯ ರಾಜ ಬೊಮ್ಮರಸ ಒಳ್ಳೆಯವನೇ, ಆದರೆ ಸೋಮಾರಿ. "ಏಳು ಬಾಗಿಲು ತಟ್ಟಿದರೆ ಬೊಕ್ಕಸ ತುಂಬುತ್ತೆ, ಏಳುನೂರು ಬಾಗಿಲು ಯಾಕೆ ತಟ್ಟಲಿ?" ಅಂತ ಕಂದಾಯವನ್ನೆಲ್ಲ ಆ ಏಳು ಜನರಿಂದಲೇ ತಗೊಳ್ತಿದ್ದನಂತೆ. ಉಳಿದವರನ್ನ ಏನೂ ಕೇಳಲಿಲ್ಲ, ಹೇಗಿದ್ದೀರಿ ಅಂತಲೂ ಕೇಳಲಿಲ್ಲ.

ಬರಬರುತ್ತಾ ಸಾವುಕಾರರಿಗೆ ಕೊಂಬು ಬಂತು. ಒಂದು ವರ್ಷ ಹಿರೀ ಸಾವುಕಾರ ಪುಟ್ಟೀರಪ್ಪ ಬಂದು, "ಅರಮನೆ ಬೀದಿ ನಮಗೆ ಬೇಕು. ಇಲ್ಲಾಂದ್ರೆ ಹೊಳೆಯಾಚೆ ರಾಜ್ಯಕ್ಕೆ ಹೋಗ್ತೀವಿ" ಅಂದ. ರಾಜ ಹೆದರಿ ಕೊಟ್ಟ. ಮರುವರ್ಷ, "ಸಂತೆ ಮೈದಾನ ಬೇಕು. ಇಲ್ಲಾಂದ್ರೆ ಹೋಗ್ತೀವಿ" ಅಂದ. ಅದನ್ನೂ ಕೊಟ್ಟ. ಮೂರನೇ ವರ್ಷ, "ಕೆರೆ ನೀರು ನಮ್ಮ ಕಬ್ಬಿಗೆ ಮಾತ್ರ ಹರೀಬೇಕು" ಅಂದನಂತೆ.

ರಾಜ ಕೂತಲ್ಲಿಂದ ಎದ್ದು ಕೇಳಿದ. "ಉಳಿದ ಜನ ಏನು ಕುಡೀಬೇಕು, ಪುಟ್ಟೀರಪ್ಪನೋರೇ?"

"ಅದು ನಮಗ್ಯಾಕೆ ಬುದ್ಧಿ? ಕಂದಾಯ ಕೊಡೋರು ನಾವು."

ಅವತ್ತು ಮಾತ್ರ ರಾಜ ಆಗೋಲ್ಲ ಅಂದುಬಿಟ್ಟ. ಮಾರನೇ ದಿನ ಏಳು ಮನೆಗೂ ಬೀಗ. ಎಪ್ಪತ್ತು ಗಾಡಿ ಹೊಳೆ ದಾಟಿ ಹೋದವಂತೆ.

ಅದೇ ವಾರ ಮಳೆ ಹಿಡೀತು. ಕೆರೆ ಏರಿ ಬಿರುಕು ಬಿಟ್ಟಿತು. ಏರಿ ಒಡೆದರೆ ಪಟ್ಟಣವೇ ಇಲ್ಲ. ಸರಿಮಾಡಿಸೋಣ ಅಂದರೆ ಆ ವರ್ಷದ ಕಂದಾಯ ಬಾರದೆ ಬೊಕ್ಕಸದಲ್ಲಿ ಕವಡೆ ಇಲ್ಲ. ಸಾವುಕಾರರ ಕಾಲು ಹಿಡಿಯೋಕೆ ರಾಜ ಮಳೇಲಿ ನೆನೆಯುತ್ತಾ ಹೊರಟ. ದಾರೀಲಿ ಕುಂಬಾರರ ದ್ಯಾವಮ್ಮ ಅಡ್ಡ ನಿಂತಳಂತೆ.

"ಎಲ್ಲಿಗೆ ಬುದ್ಧಿ?"

"ಸಾವುಕಾರರನ್ನ ಕರೆಯೋಕೆ. ಇನ್ಯಾರು ಏರಿ ಕಟ್ಟಿಸ್ತಾರೆ ತಾಯಿ?"

"ನಮ್ಮನ್ನ ಕೇಳಿದ್ರಾ?"

"ನಿಮ್ಮ ಹತ್ರ ಏನಿದೆ?"

"ಕೇಳದೇ ಹೆಂಗೆ ಗೊತ್ತಾಗುತ್ತೆ?" ಅಂತ ಒಳಗೆ ಹೋದಳು. ಒಂದು ಮೊರ ರಾಗಿ ತಂದಳು. "ಮನೇಲಿರೋ ಹತ್ತು ಮೊರದಲ್ಲಿ ಇದೊಂದು, ಕೆಲಸ ಮಾಡೋರ ಹಿಟ್ಟಿಗೆ. ಏರಿಗೆ ನಾನೂ ಬರ್ತೀನಿ. ಇನ್ನು ಪಕ್ಕದ ಬಾಗಿಲು ತಟ್ಟಿ."

ರಾಜ ತಟ್ಟಿದ. ಒಂದು ತಟ್ಟಿದ, ಹತ್ತು ತಟ್ಟಿದ, ನೂರು ತಟ್ಟಿದ. ನೇಕಾರರ ಕೇರಿಯಲ್ಲಿ ಒಬ್ಬ ಮುದುಕ ಕೈಕಟ್ಟಿ ನಿಂತ. "ಇಷ್ಟು ವರ್ಷ ಈ ಕೇರಿ ನಿಮ್ಮ ಕಣ್ಣಿಗೆ ಬೀಳಲಿಲ್ಲ ಬುದ್ಧಿ. ಹತ್ತರಲ್ಲೊಂದು ಪಾಲು ನಾವೂ ಕೊಡ್ತೀವಿ. ಕೊಟ್ಟಿದ್ದು ಏನಾಯ್ತು ಅಂತ ಕೇಳೋಕೆ ಅರಮನೇಲಿ ನಮಗೂ ಜಾಗ ಬೇಕು."

ರಾಜನಿಗೆ ನಾಚಿಕೆಯಾಯ್ತು. "ಕೊಟ್ಟೆ" ಅಂದ.

ಗುದ್ದಲಿ ಬಂತು, ಮಂಕರಿ ಬಂತು, ಜನ ಬಂತು. ಯಾವ ಮಣ್ಣು ನಿಲ್ಲುತ್ತೆ, ಎಷ್ಟು ತುಳೀಬೇಕು ಅಂತ ದ್ಯಾವಮ್ಮ ನಿಂತು ಹೇಳಿದಳು. ಬೊಮ್ಮರಸನೂ ಮಂಡಿಯವರೆಗೆ ಕೆಸರಲ್ಲಿ ಇಳಿದು ತುಳಿದನಂತೆ. ಮೂರು ದಿನಕ್ಕೆ ಏರಿ ಎದ್ದು ನಿಂತಿತು. ನಾಲ್ಕನೇ ದಿನ ಕೆರೆ ತುಂಬಿ ಕೋಡಿ ಬಿತ್ತು. ಏರಿಯಿಂದ ಒಂದು ಹನಿ ಜಿನುಗಲಿಲ್ಲ. ಜನ ಮಳೆಯಲ್ಲೇ ಕುಣಿದರಂತೆ!

ಅತ್ತ ಹೊಳೆಯಾಚೆ ಏನಾಯ್ತು? ಅಲ್ಲಿನ ರಾಜ ಊರಬಾಗಿಲಲ್ಲೇ ಸಾವುಕಾರರ ಅರ್ಧ ಸರಕು ಕಿತ್ತುಕೊಂಡ. ಉಳಿದದ್ದನ್ನ ಗುರುತಿಲ್ಲದವರ ಹತ್ರ ಯಾರು ಕೊಳ್ತಾರೆ? ಮೂರು ತಿಂಗಳಿಗೆ ಏಳು ಜನವೂ ವಾಪಸು ಬಂದು ಆಸ್ಥಾನದಲ್ಲಿ ನಿಂತರು.

"ತಪ್ಪಾಯ್ತು ಬುದ್ಧಿ. ಮೊದಲಿನ ಹಾಗೆ ಕಂದಾಯವೆಲ್ಲ ನಾವೇ ಕೊಡ್ತೀವಿ" ಅಂದ ಪುಟ್ಟೀರಪ್ಪ.

ಬೊಮ್ಮರಸ ಪಕ್ಕಕ್ಕೆ ತಿರುಗಿದ. ಅಲ್ಲಿ ದ್ಯಾವಮ್ಮ ಕೂತಿದ್ದಳು, ನೇಕಾರ ಮುದುಕನೂ ಕೂತಿದ್ದ.

"ಎಲ್ಲಾ ನೀವೇ ಕೊಡೋದು ಬೇಡ ಅಣ್ಣ" ಅಂದಳು ದ್ಯಾವಮ್ಮ. "ಎಲ್ಲರ ಹಾಗೆ ಹತ್ತರಲ್ಲೊಂದು ಪಾಲು ಕೊಡಿ. ನಿಮ್ಮ ರಾಶಿ ದೊಡ್ಡದು, ಪಾಲೂ ದೊಡ್ಡದೇ ಬರುತ್ತೆ. ಹೋಗ್ತೀವಿ ಅಂತ ಮಾತ್ರ ಇನ್ನು ಹೆದರಿಸಬೇಡಿ."

ಪುಟ್ಟೀರಪ್ಪ ರುಮಾಲು ತೆಗೆದು ಕೈಮುಗಿದ.

ಆ ಸುಗ್ಗಿಯಲ್ಲಿ ಏಳುನೂರು ಮನೆಯವರೂ ತಮಟೆ ಬಡಿಸಿಕೊಂಡು ಪಾಲು ತಂದರಂತೆ. ಇಡೋಕೆ ಜಾಗ ಸಾಲದೆ ರಾಜ ಕುದುರೆ ಲಾಯ ಖಾಲಿ ಮಾಡಿಸಿದನಂತೆ! ಅವರೆಲ್ಲ ಅಲ್ಲಿ ಉಂಡು ತೇಗಿ ಚೆನ್ನಾಗಿದ್ದಾರೆ. ಕತೆ ಹೇಳಿ ಗಂಟಲಾರಿದ ನನಗೆ ಒಂದು ಚೊಂಬು ನೀರು ಕೊಡ್ರಪ್ಪ.