ಪಿರಮಿಡ್ಡಿನ ಬಾಗಿಲಲ್ಲಿ ರಂಗೋಲಿ

ಕೆಂಬಾಳು ಅಂತ ಒಂದು ರಾಜ್ಯ. ಅಲ್ಲಿ ಮುದ್ದರಾಜ ಅಂತ ಒಬ್ಬ ರಾಜ. ಮನಸ್ಸು ಬೆಣ್ಣೆ, ಬುದ್ಧಿ ಸ್ವಲ್ಪ ನಿಧಾನ. ಅವನಿಗೆ ಬೇಟೆಯ ಹುಚ್ಚಿಲ್ಲ, ಯುದ್ಧದ ಹುಚ್ಚಿಲ್ಲ. ಇದ್ದದ್ದು ಒಂದೇ ಹುಚ್ಚು. ದೇಶದೇಶದ ಹೆಸರಾಂತ ಕಟ್ಟಡಗಳ ಚಿತ್ರವಿರುವ ಪೋಸ್ಟ್‌ಕಾರ್ಡು ಕೂಡಿಡುವುದು. ರಾಜರ ಕಾಲದಲ್ಲಿ ಪೋಸ್ಟ್‌ಕಾರ್ಡು ಎಲ್ಲಿತ್ತು ಅಂತ ಕೇಳಬೇಡಿ ಮಕ್ಕಳೇ. ಈ ಕತೆಯಲ್ಲಿ ಇತ್ತು.

ಯಾರೋ ವ್ಯಾಪಾರಿ ತಾಜ್‌ಮಹಲಿನ ಕಾರ್ಡೊಂದನ್ನು ಕೊಟ್ಟುಹೋಗಿದ್ದ. ರಾಜ ಅದನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದ. ತಾನೇ ಹೋಗಿ ದೇಶ ನೋಡೋಣವೆಂದರೆ ಊರಿನ ಹೊಳೆ ದಾಟುವಷ್ಟರಲ್ಲೇ ಅವನಿಗೆ ವಾಂತಿ. ಹಾಗಾಗಿ ಡಂಗುರ ಹೊಡೆಸಿದ. "ದೂರದೇಶಕ್ಕೆ ಹೋಗಿ ಕಾರ್ಡು ತಂದವರಿಗೆ ಕೇಳಿದ್ದು ಕೊಡುತ್ತೇನೆ."

ಪಾಪಯ್ಯ ಮುಂದೆ ಬಂದ. ಅರಮನೆಯಲ್ಲಿ ಅವನ ಕೆಲಸ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಮಾತ್ರ ತಪ್ಪದೆ ಇರುತ್ತಿದ್ದ. "ಈಜಿಪ್ಟಿನ ಪಿರಮಿಡ್ಡು ನೋಡಿ, ಕಾರ್ಡು ತರುತ್ತೇನೆ" ಎಂದು ಹಾರ ಹಾಕಿಸಿಕೊಂಡು ಹೊರಟ. ಗಡಿ ದಾಟಿದ, ಎಡಕ್ಕೆ ತಿರುಗಿದ, ಪಕ್ಕದ ಊರಿನ ಮಾವನ ಮನೆ ಸೇರಿದ.

ಅವನ ಅತ್ತೆ ಕೆಂಚಮ್ಮನಿಗೆ ಚಿತ್ರ ಬರೆಯುವುದೆಂದರೆ ಪ್ರಾಣ. ಮದುವೆ ಮನೆಯ ಗೋಡೆಗಳಿಗೆಲ್ಲ ಅವಳದೇ ಕೈ. ಅಳಿಯ ಹೋಳಿಗೆ ತಿನ್ನುತ್ತಾ ಬಾಯಲ್ಲಿ ಹೇಳುವುದು, ಅತ್ತೆ ಕಾರ್ಡಿನ ಮೇಲೆ ಬರೆಯುವುದು. ಅರಮನೆಯವರೇ ತನ್ನಿಂದ ಬರೆಸುತ್ತಿದ್ದಾರೆಂದು ಆ ಪುಣ್ಯಾತ್ಗಿತ್ತಿ ನಂಬಿದ್ದಳು. ಒಂದು ಅಭ್ಯಾಸ ಮಾತ್ರ ಅವಳಿಂದ ಬಿಡಲಾಗಲಿಲ್ಲ. ಬಾಗಿಲು ಬರೆದ ಮೇಲೆ ಅದರ ಮುಂದೆ ರಂಗೋಲಿ ಬರೆಯದೆ ಅವಳ ಕೈ ಮೇಲೇಳುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಪಾಪಯ್ಯ ಕಾರ್ಡು ಹಿಡಿದು ಬಂದ. ರಾಜ ಅದನ್ನು ಕಂಡಕಂಡವರಿಗೆಲ್ಲ ತೋರಿಸಿದ. ಅರಮನೆಗೆ ಉಪ್ಪಿನಕಾಯಿ ಹಾಕಿಕೊಡುವ ದ್ಯಾವಜ್ಜಿಗೂ ತೋರಿಸಿದ.

"ಚೆನ್ನಾಗಿದೆ ಬುದ್ಧಿ" ಎಂದಳು ಅಜ್ಜಿ. "ಆದ್ರೆ ಆ ಮರಳುಗಾಡಲ್ಲಿ ರಂಗೋಲಿ ಹಾಕ್ದೋರು ಯಾರು?"

"ನಮ್ಮ ಪದ್ಧತಿ ಅಲ್ಲೀತನಕ ಹೋಗಿದೆ ಅಜ್ಜಿ" ಎಂದು ರಾಜ ಹಿಗ್ಗಿ ಹೀರೇಕಾಯಿಯಾದ. ಪಾಪಯ್ಯನಿಗೆ ರೇಷ್ಮೆ ಶಾಲು ಸಿಕ್ಕಿತು.

ಎರಡನೇ ಸಲ ಇಟಲಿಯ ವಾಲಿದ ಗೋಪುರ ಬಂತು. ಬಾಗಿಲಲ್ಲಿ ಮತ್ತೆ ರಂಗೋಲಿ. ಗೋಪುರ ಬಿದ್ದೀತೆಂದು ಕನಿಕರಪಟ್ಟು, ಬಾಳೆಗೊನೆಗೆ ಕೊಡುವ ಹಾಗೆ ಕೆಂಚಮ್ಮ ಒಂದು ಕವೆಗೋಲನ್ನೂ ಆನಿಸಿದ್ದಳು.

"ಪಾಪಣ್ಣ ಹೋದಾಗ ಇದ್ದದ್ದಕ್ಕಿಂತ ದಪ್ಪ ಆಗವ್ನೆ ಬುದ್ಧಿ. ಸಮುದ್ರ ದಾಟಿ ಬಂದೋನು ಸೊರಗಬೇಕಲ್ವಾ?" ಎಂದಳು ಅಜ್ಜಿ.

"ಅಲ್ಲಿಯ ನೀರು ಒಗ್ಗಿದೆ" ಎಂದ ರಾಜ. ಪಾಪಯ್ಯನಿಗೆ ಕುದುರೆ ಸಿಕ್ಕಿತು.

ಶಾಲು ಹೊದ್ದು ಕುದುರೆ ಏರಿದ ಮೇಲೆ ಮನುಷ್ಯನ ಕಣ್ಣು ನೆಲದ ಮೇಲೆ ನಿಲ್ಲುತ್ತದೆಯೇ? "ಮೂರನೇ ಕಾರ್ಡಿಗೆ ನನಗೆ ಊರಿನ ಮಾವಿನ ತೋಪು ಕೊಡಿ. ಮರ ಕಡಿಸಿ ಮಹಡಿ ಮನೆ ಕಟ್ಟಿಸುತ್ತೇನೆ" ಎಂದ. ಕೇಳಿದ್ದು ಕೊಡುತ್ತೇನೆಂದು ರಾಜ ಮೊದಲೇ ಮಾತು ಕೊಟ್ಟಾಗಿತ್ತು. ಹೂಂ ಎಂದುಬಿಟ್ಟ.

ಸುದ್ದಿ ಕೇಳಿದ ದ್ಯಾವಜ್ಜಿ ತೋಪಿಗೆ ಓಡಿದಳು. ಆ ಮರಗಳನ್ನು ಅವಳ ಗಂಡ ಹೊಳೆಯಿಂದ ನೀರು ಹೊತ್ತು ಬೆಳೆಸಿದ್ದ. ಊರಿನ ಅಷ್ಟೂ ಮನೆಯ ಮಾವಿನಮಿಡಿ ಬರುತ್ತಿದ್ದದ್ದು ಅಲ್ಲಿಂದಲೇ. ಅಜ್ಜಿ ಒಂದು ಮರ ತಬ್ಬಿಕೊಂಡು ಅತ್ತಳು. ಅತ್ತರೆ ಮರ ಉಳಿಯುವುದಿಲ್ಲ ಅಂತ ಹೊಳೆದ ಮೇಲೆ ಮೂಗೊರೆಸಿಕೊಂಡು ಸಭೆಗೆ ನಡೆದಳು.

"ಬುದ್ಧಿ, ತೋಪು ಹೋಗೋದಾದ್ರೆ ಹೋಗಲಿ. ಮೂರನೇ ಕಾರ್ಡು ಮಾತ್ರ ನಾನು ಹೇಳಿದ್ದು ತರಿಸಿಕೊಡಿ. ಸಮುದ್ರದಾಚೆ ಒಂದು ಗೋಪುರ ಐತಂತೆ. ಹೊಟ್ಟೆ ದುಂಡಗೆ, ಕತ್ತು ಸಣ್ಣಕೆ. ಮೈ ಬಿಳಿ, ಕತ್ತು ಕಂದು. ತಲೆಗೆ ಬಿಳೀ ಬಟ್ಟೆ ಕಟ್ಟಿರ್ತಾರಂತೆ. ಒಳಗೆ ಹೋದೋರು ವರ್ಷಗಟ್ಟಲೆ ಕೆಡದಂಗೆ ಇರ್ತಾರಂತೆ."

"ಓ, ಅದಾ?" ಎಂದ ಪಾಪಯ್ಯ. "ಹೋಗ್ತಾ ಬರ್ತಾ ಎರಡು ಸಲ ನೋಡಿದ್ದೇನೆ."

ಮಾವನ ಮನೆಯಲ್ಲಿ ಅದನ್ನೇ ಒಪ್ಪಿಸಿದ. ಕೆಂಚಮ್ಮನಿಗೆ ಖುಷಿಯಾಯಿತು. ಅಂತೂ ಅಳಿಯಂದಿರು ತನಗೆ ಗೊತ್ತಿರುವ ಒಂದನ್ನು ಕೇಳಿದರಲ್ಲ! ಇದ್ದದ್ದು ಇದ್ದ ಹಾಗೆ ಬರೆದಳು. ಮೇಲೊಂದು ಮರದ ಸೌಟನ್ನೂ ಇಟ್ಟಳು. ಎಲೆಯ ಮುಂದೆ ಕೂತದ್ದು ಬಿಟ್ಟರೆ ಪಾಪಯ್ಯ ಒಂದು ದಿನವೂ ಅಡುಗೆಮನೆಯ ಮೂಲೆ ನೋಡಿದವನಲ್ಲ. ಕಾರ್ಡು ಶಾಲಿನೊಳಗಿಟ್ಟುಕೊಂಡು ನೆಟ್ಟಗೆ ಸಭೆಗೆ ಬಂದ.

"ಮಹಾಸ್ವಾಮಿ, ಹತ್ತುವಷ್ಟರಲ್ಲಿ ಎರಡು ಜೊತೆ ಮೆಟ್ಟು ಸವೆದವು. ತುದಿಯಲ್ಲಿ ಕಾಣುತ್ತಿದೆಯಲ್ಲ, ಅದು ಆ ದೇಶದ ಧ್ವಜಸ್ತಂಭ."

"ಒಳಗೂ ಹೋಗಿದ್ಯಾ ಪಾಪಣ್ಣ?" ಎಂದಳು ಅಜ್ಜಿ.

"ಹೋಗದೆ? ಒಂದು ವಾರ ಅಲ್ಲೇ ಇದ್ದೆ."

"ಹಂಗಾದ್ರೆ ಮೈಗೆಲ್ಲ ಉಪ್ಪು ಖಾರ ಹತ್ತಿರಬೇಕಲ್ಲಪ್ಪ."

ಹಾಗೆಂದವಳೇ ಅಜ್ಜಿ ಸೆರಗಿನ ಮರೆಯಲ್ಲಿದ್ದ ಉಪ್ಪಿನಕಾಯಿ ಭರಣಿಯನ್ನು ತೆಗೆದು ಸಿಂಹಾಸನದ ಮೆಟ್ಟಿಲ ಮೇಲಿಟ್ಟಳು. ದುಂಡು ಹೊಟ್ಟೆ, ಕಂದು ಕತ್ತು, ತಲೆಗೆ ಬಿಳಿ ಬಟ್ಟೆ. ಮೇಲೊಂದು ಮರದ ಸೌಟು ಇಟ್ಟಳು. ರಾಜ ಕಾರ್ಡು ನೋಡಿದ. ಭರಣಿ ನೋಡಿದ. ಮತ್ತೆ ಕಾರ್ಡು ನೋಡಿದ. ಅವನ ನಿಧಾನದ ಬುದ್ಧಿ ಆ ಹೊತ್ತಿಗೆ ಬಂದು ಮುಟ್ಟಿತು. ಸಭೆಯಲ್ಲಿ ಒಬ್ಬರು ಕಿಸಕ್ಕೆಂದರು, ಆಮೇಲೆ ಯಾರನ್ನೂ ಹಿಡಿಯುವ ಹಾಗಿರಲಿಲ್ಲ.

"ಅಲ್ಲಿಯದು ಇದಕ್ಕಿಂತ ಸ್ವಲ್ಪ ದೊಡ್ಡದು" ಎಂದ ಪಾಪಯ್ಯ, ಸಣ್ಣ ದನಿಯಲ್ಲಿ.

ರಾಜನಿಗೆ ನಾಚಿಕೆಯಾಯಿತು. ತನ್ನ ಹುಚ್ಚಿಗೆ ಅಜ್ಜಿಯ ಮರಗಳು ಬಲಿಯಾಗುತ್ತಿದ್ದವಲ್ಲ ಎಂದು ಸಂಕಟವೂ ಆಯಿತು. ತೋಪಿಗೆ ಯಾರೂ ಕೊಡಲಿ ಹಾಕಬಾರದೆಂದು ಅಲ್ಲೇ ಸಾರಿಸಿದ. ಕಾರ್ಡು ಬರೆದವರು ಯಾರೆಂದು ಪಾಪಯ್ಯನ ಬಾಯಿ ಬಿಡಿಸಿದ. ಶಾಲು, ಕುದುರೆ ಎರಡನ್ನೂ ಕೆಂಚಮ್ಮನಿಗೆ ಕಳಿಸಿ, ಅರಮನೆಯ ಗೋಡೆಗೆ ಚಿತ್ರ ಬರೆಯಲು ಕರೆಸಿಕೊಂಡ. ಪಾಪಯ್ಯನನ್ನು ಭಟರು ನಡೆಸಿಕೊಂಡು ಹೋಗಿ ಹಡಗು ಹತ್ತಿಸಿ ಬಂದರು. ಈ ಸಲ ಎಡಕ್ಕೆ ತಿರುಗಲು ಬಿಡಲಿಲ್ಲ.

ಬಹಳ ದಿನದ ಮೇಲೆ ಈಜಿಪ್ಟಿನಿಂದ ನಿಜವಾದ ಕಾರ್ಡು ಬಂತು. ರಾಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮುಖ ಸಪ್ಪಗಾಯಿತು.

"ಅಜ್ಜಿ, ಇದರಲ್ಲಿ ರಂಗೋಲಿಯೇ ಇಲ್ಲವಲ್ಲ?"

"ಅದ್ಕೇ ಬುದ್ಧಿ, ಈ ಸಲ ನಿಜವಾಗ್ಲೂ ಹೋಗವ್ನೆ" ಎಂದಳು ದ್ಯಾವಜ್ಜಿ.

ನೀತಿ ಏನಪ್ಪಾ ಅಂದರೆ, ಕಾಣದ್ದನ್ನು ಕಂಡೆ ಎಂದು ಹೇಳಿಕೊಂಡು ತಿರುಗುವವನಿಗೆ ತನ್ನ ಮನೆಯ ಭರಣಿಯೂ ಕಾಣುವುದಿಲ್ಲ. ಏಳಿ ಮಕ್ಕಳೇ, ಎಲೆ ಹಾಕಿದ್ದಾರೆ. ಇವತ್ತು ಊಟಕ್ಕೆ ಮಾವಿನಮಿಡಿ ಇದೆ.